ಸುಮ್ಮನೆ ಕೂತು ಸಾಯುವ ಪ್ರಿಂಟರು

ನಮ್ಮ ಮನೆಯ ಅಟ್ಟದ ಮೇಲೆ ಮೊನ್ನೆಯವರೆಗೆ ಎರಡು ಪ್ರಿಂಟರುಗಳಿದ್ದವು. ಗಣಪತಿ ಹಬ್ಬದ ಸೀರಿಯಲ್ ಸೆಟ್ಟು, ಹಿಡಿ ಮುರಿದ ಕುಕ್ಕರು, ಅಜ್ಜಿಯ ಕಾಲದ ಟ್ರಂಕುಗಳ ಜೊತೆ ಅವೂ ಧೂಳು ಹಿಡಿದು ಕೂತಿದ್ದವು. ಎರಡೂ ದುಡಿದು ಸತ್ತವಲ್ಲ, ಕೆಲಸವಿಲ್ಲದೆ ಸತ್ತವು.

ಮೊದಲನೆಯದು 4,500 ರೂಪಾಯಿಯದು. ತಂದ ಹೊಸದರಲ್ಲಿ ಮಕ್ಕಳು ಕಾರ್ಟೂನು, ಅಮ್ಮ ಸಹಸ್ರನಾಮ, ನಾನು ಬೇಕಾದ್ದು ಬೇಡದ್ದು, ಎಲ್ಲರೂ ಪ್ರಿಂಟ್ ತೆಗೆದದ್ದೇ ತೆಗೆದದ್ದು. ಆಮೇಲೆ ನಾಲ್ಕು ತಿಂಗಳು ಯಾರೂ ಅದರ ಹತ್ತಿರ ಸುಳಿಯಲಿಲ್ಲ. ನವೆಂಬರಿನಲ್ಲಿ ಅಪ್ಪನ ಪಿಂಚಣಿಗೆ ಲೈಫ್ ಸರ್ಟಿಫಿಕೇಟಿನ ಫಾರಂ ಬೇಕಾಯಿತು. ಪ್ರಿಂಟ್ ಕೊಟ್ಟರೆ ಹಾಳೆಯ ತುಂಬ ಬಿಳಿ ಪಟ್ಟೆ. ಎರಡನೇ ಸಲ ಇನ್ನಷ್ಟು ಪಟ್ಟೆ. ಮೂರನೇ ಸಲಕ್ಕೆ ಹೋದ ಹಾಗೇ ಬಂತು ಹಾಳೆ, ಒಂದಕ್ಷರವಿಲ್ಲ. ಅಪ್ಪ ಬದುಕಿದ್ದಾರೆಂದು ಹೇಳಬೇಕಾದ ಯಂತ್ರ ತಾನೇ ಸತ್ತಿತ್ತು. ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದೆ.

ಎರಡನೆಯದನ್ನು ತರುವಾಗ ಬುದ್ಧಿ ಬಂದಿದೆ ಅಂದುಕೊಂಡಿದ್ದೆ. ಅಂಗಡಿಯವರು, "ಕಾರ್ಟ್ರಿಜ್ ಸಹವಾಸ ಬೇಡ ಸರ್, ಇಂಕ್ ಟ್ಯಾಂಕ್ ತಗೊಳ್ಳಿ, ಪೇಜಿಗೆ ಹತ್ತೇ ಪೈಸೆ" ಅಂದರು. ಕಾರ್ಟ್ರಿಜ್ ಅಂದರೆ ಖಾಲಿಯಾದಾಗ ಬದಲಿಸುವ ಶಾಯಿಯ ಡಬ್ಬಿ, ಟ್ಯಾಂಕ್ ಅಂದರೆ ಬಾಟಲಿಯಿಂದ ಶಾಯಿ ಸುರಿದು ತುಂಬಿಸುವಂಥದ್ದು. 12,000 ರೂಪಾಯಿ ಕೊಟ್ಟೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎರಡು ವರ್ಷದಲ್ಲಿ ನಾವು ತೆಗೆದ ಪೇಜು ಇನ್ನೂರು ದಾಟಲಿಲ್ಲ. ಅಷ್ಟರಲ್ಲಿ ಶಾಯಿ ಚಿಮ್ಮಿಸುವ ಭಾಗ, ಅಂದರೆ ಹೆಡ್ಡು, ಕಟ್ಟಿಕೊಂಡಿತು, ರಿಪೇರಿಯವರು ಹೇಳಿದ ರೇಟು ಹೊಸ ಪ್ರಿಂಟರಿನ ಅರ್ಧದಷ್ಟಿತ್ತು. 12,000ವನ್ನು 200ರಿಂದ ಭಾಗಿಸಿ ನೋಡಿ. ಪೇಜಿಗೆ ಬಿದ್ದದ್ದು ಹತ್ತು ಪೈಸೆಯಲ್ಲ, ಅರವತ್ತು ರೂಪಾಯಿ.

ಪ್ರಿಂಟರ್ ಕೊಳ್ಳಲು ಹೋದವರೆಲ್ಲ ಪೇಜಿಗೆ ಎಷ್ಟು ಬೀಳುತ್ತದೆ ಎಂದೇ ಕೇಳುತ್ತಾರೆ. ದಿನಕ್ಕೆ ಐವತ್ತು ಹಾಳೆ ತೆಗೆಯುವ ಟ್ಯೂಷನ್ ಮೇಷ್ಟ್ರಿಗೆ, ಆಡಿಟರ್ ಆಫೀಸಿಗೆ ಅದು ಸರಿಯಾದ ಪ್ರಶ್ನೆ. ತಿಂಗಳಿಗೆ ಐದೋ ಹತ್ತೋ ಹಾಳೆ ತೆಗೆಯುವ ಮನೆಯವರು ಕೇಳಬೇಕಾದದ್ದೇ ಬೇರೆ: ಎರಡು ತಿಂಗಳು ಸುಮ್ಮನೆ ಕೂತರೆ ಇದಕ್ಕೆ ಏನಾಗುತ್ತದೆ? ಕೌಂಟರಿನ ಆಚೆ ನಿಂತವರಿಗೆ ಈ ಪ್ರಶ್ನೆ ಕೇಳಿ ಅಭ್ಯಾಸವಿಲ್ಲ, ಡಬ್ಬದ ಮೇಲೂ ಇದಕ್ಕೆ ಉತ್ತರ ಅಚ್ಚಾಗಿರುವುದಿಲ್ಲ. ಉತ್ತರ ಇರುವುದು ಪ್ರಿಂಟರಿನ ಹೊಟ್ಟೆಯೊಳಗೆ, ಅಲ್ಲಿರುವುದು ಹಸಿ ಶಾಯಿಯೋ ಒಣ ಪುಡಿಯೋ ಎಂಬುದರಲ್ಲಿ.

ಕ್ಯಾಪ್ ಹಾಕದ ಇಂಕ್ ಪೆನ್ನು

ಇಂಕ್ ಪೆನ್ನಿನಲ್ಲಿ ಬರೆದು ಬೆಳೆದವರಿಗೆ ಹಸಿ ಶಾಯಿಯ ಕಷ್ಟ ಗೊತ್ತು. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲೇ ಬಿಟ್ಟ ಪೆನ್ನು ಜೂನಿನಲ್ಲಿ ಬರೆಯುತ್ತಿರಲಿಲ್ಲ. ನಿಬ್ಬನ್ನು ಬಿಸಿನೀರಿನಲ್ಲಿ ಅದ್ದಿ, ಕೊಡವಿ, ಮುಂದಿನ ಬೆಂಚಿನವನ ಬಿಳಿ ಅಂಗಿಯ ಮೇಲೆ ನೀಲಿ ಚುಕ್ಕಿ ಹಾರಿಸಿ, ಅಂತೂ ಇಂತೂ ಬರೆಯಿಸುತ್ತಿದ್ದೆವು. ಇಂಕ್‌ಜೆಟ್ ಪ್ರಿಂಟರ್ ಅಂದರೆ ಅಂಥ ನೂರಾರು ಪೆನ್ನುಗಳನ್ನು ಒಟ್ಟಿಗೆ ಕಟ್ಟಿದ ಹಾಗೆ. ಹೆಡ್ಡಿನ ತಳದಲ್ಲಿ ಸಾಲುಸಾಲು ತೂತುಗಳಿರುತ್ತವೆ, ಒಂದೊಂದೂ ತಲೆಗೂದಲಿಗಿಂತ ಸಪೂರ. ಅದರಿಂದ ಚಿಮ್ಮುವ ಹನಿಯನ್ನು ಅಳೆಯುವುದು ಪಿಕೋಲೀಟರಿನಲ್ಲಿ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರು.

ಇಷ್ಟು ಸಣ್ಣ ಹನಿಯನ್ನು ತೂತಿನಿಂದ ಹೊರಗೆ ತಳ್ಳುವುದಕ್ಕೆ ಎರಡು ಉಪಾಯಗಳಿವೆ. ಎಚ್‌ಪಿ ಮತ್ತು ಕ್ಯಾನನ್ ಹಿಡಿದ ದಾರಿ ಕುದಿಸುವುದು. ತೂತಿನ ಹಿಂದೆ ಒಂದು ಪುಟ್ಟ ಹೀಟರ್ ಇದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಕಾಯ್ದು, ಶಾಯಿಯಲ್ಲಿ ಒಂದು ಗುಳ್ಳೆ ಎದ್ದು, ಆ ಗುಳ್ಳೆ ಹನಿಯನ್ನು ಹೊರಗೆ ಉಗಿಯುತ್ತದೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಕಡ್ಡಿಯೊಂದು ಅಕಸ್ಮಾತ್ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ ಶಾಯಿ ಚಿಮ್ಮಿತು, ಅದರಿಂದ ಈ ಉಪಾಯ ಹೊಳೆಯಿತು ಎಂದು ಆ ಕಂಪನಿ ಹೇಳಿಕೊಂಡು ಬಂದಿದೆ. ಎಪ್ಸನ್ ಮತ್ತು ಬ್ರದರ್ ದಾರಿ ಹಿಂಡುವುದು. ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದರೆ ಒಳಗಿನ ಹರಳಿನ ಮೇಲೆ ಪೆಟ್ಟು ಬಿದ್ದು ಕರೆಂಟ್ ಹುಟ್ಟಿ ಕಿಡಿ ಹಾರುತ್ತದಲ್ಲ, ಅದನ್ನೇ ತಿರುಗುಮುರುಗು ಮಾಡಿದರೆ ಈ ಹೆಡ್ಡು. ಹರಳಿಗೆ ಕರೆಂಟ್ ಕೊಟ್ಟರೆ ಅದು ಬಾಗುತ್ತದೆ, ಬಾಗಿದಾಗ ಶಾಯಿಯ ಕೋಣೆ ಹಿಂಡಿದಂತಾಗಿ ಹನಿ ಹೊರಬೀಳುತ್ತದೆ.

ಕುದಿಸಿದರೂ ಹಿಂಡಿದರೂ ಶಾಯಿ ಮಾತ್ರ ಹೆಚ್ಚುಪಾಲು ನೀರೇ. ಬೇಗ ಒಣಗದಿರಲೆಂದು ಗ್ಲೈಕಾಲಿನಂಥದ್ದನ್ನು ಬೆರೆಸಿರುತ್ತಾರೆ. ಆದರೂ ತೂತಿನ ಬಾಯಲ್ಲಿ ನಿಂತ ಶಾಯಿಯ ನೀರು ಆರುತ್ತಲೇ ಇರುತ್ತದೆ, ಬಣ್ಣ ಗಟ್ಟಿಯಾಗಿ ಬಾಯಿ ಕಟ್ಟುತ್ತದೆ. ದಿನಾ ಪ್ರಿಂಟ್ ತೆಗೆಯುವವರಿಗೆ ಹೊಸ ಶಾಯಿ ಹರಿದುಬಂದು ಹಳೆಯದನ್ನು ತೊಳೆದುಬಿಡುತ್ತದೆ. ನಮ್ಮಂಥವರಿಗೆ ಅದು ಕಲ್ಲಾಗುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಇನ್ನೂ ಬೇಗ.

ಕಂಪನಿಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಕೆಲಸ ಮುಗಿದ ಮೇಲೆ ಹೆಡ್ಡು ಮೂಲೆಗೆ ಸರಿದು ರಬ್ಬರಿನ ಮುಚ್ಚಳವೊಂದರ ಮೇಲೆ ಕೂರುತ್ತದೆ. ಪೆನ್ನಿನ ಕ್ಯಾಪ್ ಇದ್ದಂತೆ ಅದು. ನಾವು ಎಡವುವುದು ಇಲ್ಲಿಯೇ. ನಮ್ಮಲ್ಲಿ ಯಾವ ಯಂತ್ರವನ್ನಾದರೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಅಭ್ಯಾಸ. ಪ್ರಿಂಟರಿನ ಸ್ವಂತ ಪವರ್ ಬಟನ್ ಒತ್ತದೆ ಗೋಡೆಯಲ್ಲಿ ಆರಿಸಿದರೆ, ಹೆಡ್ಡು ದಾರಿಯ ನಡುವೆ ಬಾಯಿ ತೆರೆದುಕೊಂಡೇ ನಿಂತುಬಿಡಬಹುದು. ಪ್ರಿಂಟ್ ಆಗುತ್ತಿರುವಾಗಲೇ ಕರೆಂಟ್ ಹೋದರೂ ಅದೇ ಗತಿ. ಹಾಗಾದಾಗ ಕರೆಂಟ್ ಬಂದ ಮೇಲೆ ಒಮ್ಮೆ ಆನ್ ಮಾಡಿ, ಪ್ರಿಂಟರಿನ ಬಟನ್‌ನಲ್ಲೇ ಆಫ್ ಮಾಡಬೇಕು. ಆಗ ಮುಚ್ಚಳ ಕೂರುತ್ತದೆ. ಇದೊಂದು ಮಾತು ಯಾರಾದರೂ ಹೇಳಿದ್ದರೆ ನನ್ನ ಮೊದಲನೇ ಪ್ರಿಂಟರು ಇನ್ನೊಂದೆರಡು ವರ್ಷ ಬದುಕಿರುತ್ತಿತ್ತೋ ಏನೋ.

ಕಟ್ಟಿಕೊಂಡ ತೂತನ್ನು ಬಿಡಿಸಲು ಪ್ರಿಂಟರು ತಾನೇ ಹೂಡುವ ಉಪಾಯ ಹೆಡ್ ಕ್ಲೀನಿಂಗ್. ಬಹಳ ದಿನದ ಮೇಲೆ ಆನ್ ಮಾಡಿದಾಗ ಗರ್ರ್, ಟಕ್, ಗರ್ರ್ ಎಂದು ಒಂದು ನಿಮಿಷ ಸದ್ದು ಮಾಡುವುದು ಅದೇ. ತೂತುಗಳ ಮೂಲಕ ಶಾಯಿಯನ್ನು ಬಲವಾಗಿ ಎಳೆದು ಚೆಲ್ಲುತ್ತದೆ. ಚೆಲ್ಲಿದ ಶಾಯಿ ತಳದಲ್ಲಿರುವ ಸ್ಪಂಜಿನಂಥ ಪ್ಯಾಡಿಗೆ ಇಳಿಯುತ್ತದೆ. ಅಪರೂಪಕ್ಕೆ ಬಳಸುವ ಮನೆಯಲ್ಲಿ ಕಾಗದಕ್ಕೆ ಬಿದ್ದ ಶಾಯಿಗಿಂತ ಈ ಪ್ಯಾಡು ಕುಡಿದ ಶಾಯಿಯೇ ಹೆಚ್ಚಾದರೆ ಆಶ್ಚರ್ಯವಿಲ್ಲ. ಪ್ಯಾಡು ತುಂಬಿತೆಂದು ಲೆಕ್ಕ ಹಾಕಿದ ದಿನ ಪ್ರಿಂಟರು ಮೆಸೇಜ್ ತೋರಿಸಿ ಮುಷ್ಕರ ಹೂಡುವುದೂ ಉಂಟು. ಕೆಲವು ಹೊಸ ಮಾಡೆಲ್‌ಗಳಲ್ಲಿ ಇದನ್ನು ನಾವೇ ತೆಗೆದು ಹಾಕುವ ಡಬ್ಬಿಯಾಗಿ ಮಾಡಿದ್ದಾರೆ. ಇಂಕ್‌ಜೆಟ್ಟೇ ಬೇಕು ಅನ್ನುವವರು ಅದನ್ನು ವಿಚಾರಿಸಿ ಕೊಳ್ಳಬೇಕು.

ಅಗ್ಗದ್ದೇ ವಾಸಿ, ಕೆಲವೊಮ್ಮೆ

ಟ್ಯಾಂಕ್ ಪ್ರಿಂಟರು ಕಾರ್ಟ್ರಿಜ್ ಪ್ರಿಂಟರಿಗಿಂತ ಎಲ್ಲದರಲ್ಲೂ ಮೇಲು ಎಂಬ ನಂಬಿಕೆ ಇದೆ. ಅಪರೂಪದ ಬಳಕೆಗೆ ಅದು ನಿಜವಲ್ಲ. ಕಾರಣ, ಹೆಡ್ಡು ಎಲ್ಲಿದೆ ಎಂಬುದು.

ಎಚ್‌ಪಿ, ಕ್ಯಾನನ್‌ಗಳ ಅಗ್ಗದ ಮಾಡೆಲ್‌ಗಳಲ್ಲಿ ಹೆಡ್ಡು ಕಾರ್ಟ್ರಿಜ್‌ನಲ್ಲೇ ಸೇರಿಕೊಂಡಿರುತ್ತದೆ. ತಿರುಗಿಸಿ ನೋಡಿದರೆ ತಳದಲ್ಲಿ ತಾಮ್ರದ ಬಣ್ಣದ ಪಟ್ಟಿ ಕಾಣುತ್ತದೆ. ಅದು ಒಣಗಿ ಹೋಯಿತೆಂದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೊಸ ಕಾರ್ಟ್ರಿಜ್ ತಂದರಾಯಿತು, ಅದರ ಜೊತೆ ಹೊಸ ಹೆಡ್ಡೂ ಬಂತು. ಟ್ಯಾಂಕ್ ಪ್ರಿಂಟರಿನಲ್ಲಿ ಹೆಡ್ಡು ಯಂತ್ರದ್ದೇ ಅಂಗ. ಬಾಟಲಿ ಶಾಯಿ ಎಷ್ಟೇ ಅಗ್ಗವಿರಲಿ, ಅದು ಹಾದುಹೋಗುವ ಹೆಡ್ಡು ಕಟ್ಟಿಕೊಂಡರೆ ಮೆಕ್ಯಾನಿಕ್ ಕೈಗೇ ಹೋಗಬೇಕು. ಕೆಲವು ಟ್ಯಾಂಕ್ ಮಾಡೆಲ್‌ಗಳಲ್ಲಿ ಹೆಡ್ಡನ್ನು ಮನೆಯಲ್ಲೇ ಬಿಚ್ಚಿ ಬದಲಿಸಬಹುದು, ಹಲವದರಲ್ಲಿ ಆಗುವುದಿಲ್ಲ.

ಬಾಟಲಿಯ ಲೆಕ್ಕವಂತೂ ನಗು ತರಿಸುತ್ತದೆ. ಮನೆಬಳಕೆಯ ಟ್ಯಾಂಕ್ ಪ್ರಿಂಟರುಗಳ ಒಂದು ಸಾಮಾನ್ಯ ಕಪ್ಪು ಶಾಯಿ ಬಾಟಲಿಯಲ್ಲಿ 65 ಮಿಲಿಲೀಟರ್ ಇರುತ್ತದೆ, ಅದರಲ್ಲಿ 4,500 ಪುಟ ಬರುತ್ತದೆ ಎನ್ನುತ್ತಾರೆ. ತಿಂಗಳಿಗೆ ಹತ್ತು ಪುಟದ ಲೆಕ್ಕದಲ್ಲಿ ಒಂದೇ ಬಾಟಲಿ 37 ವರ್ಷ. ಮಗಳಿಗಾಗಿ ಕೊಂಡದ್ದನ್ನು ಮೊಮ್ಮಗಳೂ ಮುಗಿಸಲಾರಳು.

ಹಾಗೆಂದು ಕಾರ್ಟ್ರಿಜ್ ಪ್ರಿಂಟರು ಸಾಧು ಪ್ರಾಣಿ ಏನಲ್ಲ. ಸಣ್ಣ ಕಪ್ಪು ಕಾರ್ಟ್ರಿಜ್‌ನಲ್ಲಿ ಬರುವುದು ನೂರು ಚಿಲ್ಲರೆ ಪುಟ. ಅದೂ ಪುಟದ ನೂರರಲ್ಲಿ ಐದು ಪಾಲು ಜಾಗ ಮಾತ್ರ ಮಸಿಯಾದರೆ, ಅಂದರೆ ನಾಲ್ಕೈದು ಪ್ಯಾರಾದ ಒಂದು ಪತ್ರದಷ್ಟು. ಮಗುವಿನ ಪ್ರಾಜೆಕ್ಟಿಗೆಂದು ಹಾಳೆ ತುಂಬ ಸೌರಮಂಡಲದ ಕರಿ ಆಕಾಶ ಅಚ್ಚು ಹಾಕಿದರೆ ಆ ಲೆಕ್ಕ ಮಣ್ಣುಪಾಲು. ಬಣ್ಣದ ಕಾರ್ಟ್ರಿಜ್ ಖಾಲಿಯಾದರೆ ಕಪ್ಪು ಅಕ್ಷರವನ್ನೂ ಹಾಕೆನೆಂದು ಹಟ ಹಿಡಿಯುವ ಮಾಡೆಲ್‌ಗಳಿವೆ. ಬೇರೆ ಕಂಪನಿಯ ಕಾರ್ಟ್ರಿಜ್ ಹಾಕಿದರೆ ಒಪ್ಪದವೂ ಇವೆ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಪ್ರಿಂಟರುಗಳು ಅಲ್ಲಿಯವರೆಗೆ ಒಪ್ಪಿಕೊಂಡಿದ್ದ ಹೊರಗಿನ ಕಾರ್ಟ್ರಿಜ್‌ಗಳನ್ನು ಸಾಫ್ಟ್‌ವೇರ್ ಅಪ್‌ಡೇಟಿನ ದೆಸೆಯಿಂದ ಇದ್ದಕ್ಕಿದ್ದಂತೆ ತಿರಸ್ಕರಿಸಿ ದೊಡ್ಡ ಗದ್ದಲವಾಗಿತ್ತು. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಲಾಭ ಎತ್ತುವುದು ಈ ಧಂಧೆಯ ಹಳೆಯ ದಾರಿ. ಹಸು ಪುಕ್ಕಟೆ, ಹಿಂಡಿ ಮಾತ್ರ ನಮ್ಮ ಹತ್ತಿರವೇ ಕೊಳ್ಳಬೇಕು ಅಂದಂತೆ.

ಜೆರಾಕ್ಸ್ ಅಂದರೆ ಒಣ ಬರಹ

ನಮ್ಮೂರಿನ ಯಾವ ಮೂಲೆಗೆ ಹೋದರೂ 'ಇಲ್ಲಿ ಜೆರಾಕ್ಸ್ ಮಾಡಿಕೊಡಲಾಗುತ್ತದೆ' ಎಂಬ ಬೋರ್ಡು ಸಿಗುತ್ತದೆ. ಅದು ಕಂಪನಿಯೊಂದರ ಹೆಸರು ಎಂಬುದನ್ನೂ ಮರೆತಿದ್ದೇವೆ. ಆ ಹೆಸರಿನ ಮೂಲ ಗ್ರೀಕ್. 'ಜೆರೋಸ್' ಅಂದರೆ ಒಣ, 'ಗ್ರಾಫೀನ್' ಅಂದರೆ ಬರೆಯುವುದು. ಒಣ ಬರಹ. ನನ್ನ ಸಮಸ್ಯೆಗೆ ಉತ್ತರ ಇಷ್ಟು ವರ್ಷ ಬಸ್‌ಸ್ಟ್ಯಾಂಡ್ ಎದುರಿನ ಬೋರ್ಡಿನಲ್ಲೇ ಇತ್ತು.

ಈ ಒಣ ಬರಹವನ್ನು ಕಂಡುಹಿಡಿದವನು ಚೆಸ್ಟರ್ ಕಾರ್ಲ್‌ಸನ್. ನ್ಯೂಯಾರ್ಕಿನಲ್ಲಿ ಪೇಟೆಂಟ್ ವಿಭಾಗದ ಕೆಲಸದಲ್ಲಿದ್ದ. ಕಾಗದಪತ್ರಗಳ ಪ್ರತಿ ಮಾಡುವುದೇ ಅಲ್ಲಿನ ದೊಡ್ಡ ತಲೆನೋವು, ಜೊತೆಗೆ ಅವನಿಗೆ ಕೀಲುನೋವು ಬೇರೆ. 1938ರ ಅಕ್ಟೋಬರ್ 22ರಂದು ಅಸ್ಟೋರಿಯಾ ಎಂಬಲ್ಲಿನ ಬಾಡಿಗೆ ಕೋಣೆಯಲ್ಲಿ ಆತ ಮತ್ತು ಸಹಾಯಕ ಓಟೋ ಕಾರ್ನೈ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿದರು. ಪ್ಲಾಸ್ಟಿಕ್ ಸ್ಕೇಲನ್ನು ತಲೆಗೆ ಉಜ್ಜಿ ಕಾಗದದ ಚೂರು ಎಬ್ಬಿಸುತ್ತಿದ್ದೆವಲ್ಲ, ಅದೇ ಆಟ. ಉಜ್ಜಿದ ತಗಡಿಗೆ ವಿದ್ಯುತ್ ಅಂಟಿಕೊಂಡಿತು. ಮೇಲೆ ಅಕ್ಷರ ಬರೆದ ಗಾಜಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದಲ್ಲೆಲ್ಲ ವಿದ್ಯುತ್ ಹೋಯಿತು, ಅಕ್ಷರದ ನೆರಳಿದ್ದಲ್ಲಿ ಉಳಿಯಿತು. ಪುಡಿ ಉದುರಿಸಿ ಊದಿದಾಗ ಅಕ್ಷರದ ಜಾಗದಲ್ಲಿ ಮಾತ್ರ ಪುಡಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದರು. ಜಗತ್ತಿನ ಮೊದಲ ಜೆರಾಕ್ಸ್ ಪ್ರತಿಯಲ್ಲಿದ್ದದ್ದು ಆ ದಿನದ ತಾರೀಕು ಮತ್ತು ಊರಿನ ಹೆಸರು, ಅಷ್ಟೇ. ಅದು ಯಂತ್ರವಾಗಿ, ಜನ ಮುಗಿಬಿದ್ದು ಕೊಳ್ಳುವಂಥ ಜೆರಾಕ್ಸ್ 914 ಆಗಿ ಬರಲು 1959 ಆಗಬೇಕಾಯಿತು.

ಲೇಸರ್ ಪ್ರಿಂಟರು ಈ ಜೆರಾಕ್ಸ್ ಯಂತ್ರದ ಮಗ. ಅದೇ ಕಂಪನಿಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಗಾಜಿನ ಮೇಲಿಟ್ಟ ಹಾಳೆಯ ಬದಲು ಕಂಪ್ಯೂಟರು ಹೇಳಿದಂತೆ ಲೇಸರ್ ಕಿರಣದಿಂದಲೇ ಡ್ರಮ್ಮಿನ (ಕಾರ್ಲ್‌ಸನ್‌ನ ತಗಡಿನ ಕೆಲಸ ಮಾಡುವ, ತಿರುಗುವ ಉರುಳೆ) ಮೇಲೆ ಬರೆಯಿಸಿದ. 1984ರಲ್ಲಿ ಕ್ಯಾನನ್ ಎಂಜಿನ್ (ಅಚ್ಚು ಹಾಕುವ ಒಳಗಿನ ಯಂತ್ರ) ಕೂರಿಸಿಕೊಂಡು ಎಚ್‌ಪಿಯ ಮೊದಲ ಲೇಸರ್‌ಜೆಟ್ ಮೇಜಿನ ಮೇಲೆ ಬಂತು. ಇಂದಿಗೂ ನಮ್ಮ ಸೈಬರ್ ಅಂಗಡಿಗಳಲ್ಲಿ ಮಾಸಿ ಹಳದಿಗೆ ತಿರುಗಿದ ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ 2900 ಕಾಣಸಿಗುತ್ತವೆ. ನೋಡಲು ಬೇರೆ ಬೇರೆಯಾದರೂ ಒಳಗೆ ಅಣ್ಣತಮ್ಮಂದಿರು.

ಟೋನರ್ ಅಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ, ರಂಗೋಲಿ ಪುಡಿಗಿಂತ ಬಹಳ ನುಣುಪು. ಡ್ರಮ್ಮಿಗೆ ಅಂಟಿ, ಅಲ್ಲಿಂದ ಕಾಗದಕ್ಕೆ ಇಳಿದು, ಕೊನೆಗೆ ಸುಮಾರು 200 ಡಿಗ್ರಿ ಕಾದ ರೋಲರಿನಡಿ ಕರಗಿ ಹಾಳೆಗೆ ಕೂತುಬಿಡುತ್ತದೆ. ಲೇಸರ್ ಪ್ರಿಂಟು ಕೈಗೆ ಬೆಚ್ಚಗೆ ಬರುವುದು ಅದಕ್ಕೇ. ಇಲ್ಲಿ ಒಣಗುವುದಕ್ಕೆ ಏನೂ ಇಲ್ಲ, ಪುಡಿ ಮೊದಲೇ ಒಣಗಿದ್ದು. ಆರು ತಿಂಗಳ ಮೇಲೆ ಬಟನ್ ಒತ್ತಿದರೂ ಮೊದಲ ಹಾಳೆ ನೆಟ್ಟಗೆ ಬರುತ್ತದೆ.

ಇನ್ನೂ ಒಂದು ಲಾಭವಿದೆ. ಕರಗಿ ಕೂತ ಪ್ಲಾಸ್ಟಿಕ್ ನೀರಿಗೆ ಜಗ್ಗುವುದಿಲ್ಲ. ಜುಲೈ ತಿಂಗಳ ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ಪಹಣಿಯ ಪ್ರಿಂಟ್ ಹಿಡಿದು ನಾಡಕಚೇರಿಗೆ ಹೋಗುವವರಿಗೆ ಇದರ ಬೆಲೆ ಗೊತ್ತು. ಬಹಳಷ್ಟು ಇಂಕ್‌ಜೆಟ್ ಶಾಯಿಗಳು ಒಂದು ಹನಿ ಬಿದ್ದರೆ ಹರಡುತ್ತವೆ. ಕನ್ನಡ ಅಕ್ಷರಕ್ಕೂ ಲೇಸರ್ ಚೆನ್ನ. ಅಗ್ಗದ ಕಾಗದದಲ್ಲಿ ಶಾಯಿ ಒಸರಿದರೆ ಸಣ್ಣ ಅಳತೆಯ ಒತ್ತಕ್ಷರದ ಹೊಟ್ಟೆ ತುಂಬಿಹೋಗಿ 'ಷ್ಟ' ಯಾವುದು 'ಷ್ಠ' ಯಾವುದು ತಿಳಿಯುವುದಿಲ್ಲ. ಪುಡಿಯಲ್ಲಿ ಅಂಚು ಕೊರೆದಂತೆ ನಿಲ್ಲುತ್ತದೆ.

ಲೇಸರ್‌ನ ಮುನಿಸುಗಳು

ಲೇಸರಿನದೂ ತಕರಾರುಗಳಿವೆ. ಬರೀ ಕಪ್ಪು ಅಚ್ಚಿನ ಸಾದಾ ಲೇಸರಿಗೆ ಈಗ ಸುಮಾರು 10,000ದಿಂದ 15,000 ರೂಪಾಯಿ, ಸ್ಕ್ಯಾನು, ಜೆರಾಕ್ಸ್ ಸೇರಿದರೆ ಇನ್ನೂ ನಾಲ್ಕೈದು ಸಾವಿರ. ಬಣ್ಣದ ಲೇಸರಿನ ತಂಟೆಗೆ ಮನೆಯವರು ಹೋಗಬಾರದು. ನಾಲ್ಕು ಟೋನರ್ ಬೇಕು, ಒಂದು ಸೆಟ್ ಬದಲಿಸುವ ದುಡ್ಡಿನಲ್ಲಿ ಇನ್ನೊಂದು ಪ್ರಿಂಟರೇ ಬಂದೀತು. ಅಷ್ಟಾಗಿಯೂ ಫೋಟೋ ಚೆನ್ನಾಗಿ ಬರುವುದಿಲ್ಲ. ಫೋಟೋ ಬೇಕಾದರೆ ಸ್ಟುಡಿಯೋಗೇ ಕೊಡಿ, ಅಗ್ಗವೂ ಆಗುತ್ತದೆ, ಬಾಳಿಕೆಯೂ ಬರುತ್ತದೆ.

ಕರೆಂಟಿನ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ರೋಲರನ್ನು ಕಾಯಿಸುವ ಕೆಲವು ಸೆಕೆಂಡು ಲೇಸರ್ ಪ್ರಿಂಟರು ಕೆಲವು ನೂರು ವಾಟಿನಿಂದ ಸಾವಿರ ವಾಟಿನವರೆಗೂ ಎಳೆಯುತ್ತದೆ, ಹೆಚ್ಚುಕಡಿಮೆ ಇಸ್ತ್ರಿಪೆಟ್ಟಿಗೆಯಂತೆ. ಲೈಟು, ಫ್ಯಾನಿಗೆಂದು ಹಾಕಿಸಿದ ಮನೆಯ ಯುಪಿಎಸ್ ಅದನ್ನು ತಡೆಯುವುದು ಕಷ್ಟ, ಕಂಪ್ಯೂಟರಿನ ಪುಟ್ಟ ಯುಪಿಎಸ್ ಅಂತೂ ಕಿರುಚಿ ಆಫ್ ಆಗುತ್ತದೆ. ಪ್ರಿಂಟರಿನ ಪ್ಲಗ್ಗು ನೇರ ಗೋಡೆಗೇ ಇರಲಿ, ಯುಪಿಎಸ್ ಲೈನಿಲ್ಲದ ಬೋರ್ಡಿಗೆ. ಕರೆಂಟ್ ಇಲ್ಲದಾಗ ಪ್ರಿಂಟ್ ಇಲ್ಲ ಎಂದು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಅದು ಕೂತಿರುವಾಗ ಗೋಡೆಯ ಸ್ವಿಚ್ ಆರಿಸಿಟ್ಟರೂ ಏನೂ ಆಗುವುದಿಲ್ಲ. ನಮ್ಮ ಅಭ್ಯಾಸಕ್ಕೆ ಹೊಂದುವ ಯಂತ್ರ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಒಣ ಪುಡಿಯ ಯಂತ್ರಕ್ಕೆ ತೇವದ ಕಾಗದ ಆಗದು. ಮಳೆಗಾಲದಲ್ಲಿ ಟ್ರೇಯಲ್ಲೇ ಬಿಟ್ಟ ಹಾಳೆ ತಂಡಿ ಹೀರಿ, ಬಿಸಿ ರೋಲರಿನಡಿ ಹೋದಾಗ ಹಪ್ಪಳದಂತೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. 500 ಹಾಳೆಯ ರಿಮ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟು, ಬೇಕಾದಾಗ ಹತ್ತು ಹಾಳೆ ತೆಗೆದು ಹಾಕಿದರೆ ಈ ರಗಳೆ ಇಲ್ಲ.

ಹೊಸ ಪ್ರಿಂಟರಿನ ಜೊತೆ ಬರುವ ಟೋನರ್ ಎಷ್ಟೋ ಸಲ ಅರ್ಧ ತುಂಬಿದ್ದಿರುತ್ತದೆ. ಇದಕ್ಕೆ ಬೈಯುವವರಿದ್ದಾರೆ, ನಮ್ಮಂಥವರು ಬೈಯಬೇಕಾಗಿಲ್ಲ. 700 ಪುಟದ ಟೋನರ್ ಅಂದುಕೊಳ್ಳಿ, ತಿಂಗಳಿಗೆ ಹತ್ತು ಪುಟದಂತೆ ಐದು ವರ್ಷ ದಾಟುತ್ತದೆ. ಆಮೇಲೆ ಕಂಪನಿಯದೇ ಟೋನರ್ ಹಾಕಿದರೆ ಪುಟಕ್ಕೆ ಎರಡು ಮೂರು ರೂಪಾಯಿ ಬೀಳಬಹುದು. ಬೀದಿಯಲ್ಲಿ ಸಿಗುವ ರೀಫಿಲ್ ಮಾಡಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಆದರೆ ಕಾರ್ಟ್ರಿಜ್‌ನಲ್ಲಿ ಚಿಪ್ ಇರುವ ಹೊಸ ಮಾಡೆಲ್‌ಗಳಲ್ಲಿ ರೀಫಿಲ್ ಸುಲಭವಲ್ಲ. ಕೊಳ್ಳುವ ಮೊದಲು ನಿಮ್ಮೂರಿನ ರೀಫಿಲ್ ಹುಡುಗನನ್ನೇ ಕೇಳಿ, ಯಾವ ಮಾಡೆಲ್ ಆದರೆ ಅವನ ಕೈಗೆ ಪಳಗಿದೆ ಎಂದು. ಅಂಗಡಿಯ ಸೇಲ್ಸ್‌ಮನ್‌ಗಿಂತ ಅವನ ಮಾತು ನಂಬಿಕಸ್ಥ. ಬ್ರದರ್‌ನಂಥ ಕೆಲವರ ಯಂತ್ರದಲ್ಲಿ ಡ್ರಮ್ಮು ಮತ್ತು ಟೋನರ್ ಬೇರೆ ಬೇರೆ. ಡ್ರಮ್ಮು ಸಾವಿರಾರು ಪುಟ ಬಾಳುವುದರಿಂದ ನಮ್ಮ ಬಳಕೆಗೆ ಅದರ ಚಿಂತೆ ಬರುವುದೇ ಇಲ್ಲ.

ಬೇಕೇ ಬೇಕಾ?

ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಅಪರೂಪದ ಬಳಕೆಗೆ ಎಲ್ಲಕ್ಕಿಂತ ಅಗ್ಗದ ಪ್ರಿಂಟರು ಬೀದಿ ಕೊನೆಯ ಜೆರಾಕ್ಸ್ ಅಂಗಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಪ್ರಿಂಟ್ ತೆಗೆಯಲು ಪುಟಕ್ಕೆ ಐದು ರೂಪಾಯಿ ಅನ್ನಿ. ತಿಂಗಳಿಗೆ ಹತ್ತು ಪುಟಕ್ಕೆ 50 ರೂಪಾಯಿ, ವರ್ಷಕ್ಕೆ 600. 14,000ದ ಲೇಸರು ಬರೀ ದುಡ್ಡಿನ ಲೆಕ್ಕದಲ್ಲಿ ಗಿಟ್ಟಲು 23 ವರ್ಷ ಬೇಕು. ತಿಂಗಳಿಗೆ ನಲವತ್ತು ಪುಟವಾದರೆ ಆರು ವರ್ಷ. ಅಷ್ಟು ವರ್ಷ ಒಂದು ಸಾದಾ ಲೇಸರು ಬಾಳುವುದು ದೊಡ್ಡದೇನಲ್ಲ.

ಹಾಗಾದರೆ ಮನೆಯಲ್ಲಿ ಯಾಕೆ? ಒಂದು, ರಾತ್ರಿ ಒಂಬತ್ತೂವರೆಗೆ. ನಾಳೆ ಬೆಳಗ್ಗೆ ಸಿಇಟಿ, ಹಾಲ್ ಟಿಕೆಟ್ ಈಗ ನೆನಪಾಯಿತು ಅನ್ನುವ ಗಳಿಗೆಗೆ ಬೆಲೆ ಕಟ್ಟಲಾಗದು. ಹಳ್ಳಿಯಲ್ಲಿದ್ದು ಅಂಗಡಿ ಎಂಟು ಕಿಲೋಮೀಟರ್ ದೂರವಿದ್ದರಂತೂ ಐದು ರೂಪಾಯಿಯ ಪ್ರಿಂಟಿಗೆ ಐವತ್ತು ರೂಪಾಯಿ ಪೆಟ್ರೋಲು. ಇನ್ನೊಂದು ಕಾರಣಕ್ಕೆ ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ: ನಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದುಬಿಡುತ್ತವೆ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿದರೂ ಅಳಿಸಿ ಬನ್ನಿ ಎಂದು. ಜನ ತಪ್ಪು ತಿಳಿಯಬಹುದೆಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋಯಿತು, ಅಳಿಸಿ ಬರುವ ಅಭ್ಯಾಸವಂತೂ ನಮ್ಮಲ್ಲಿ ಮೊದಲೂ ಇರಲಿಲ್ಲ. ಅಂಗಡಿಯಲ್ಲೇ ತೆಗೆಸುವವರು ಪಿಡಿಎಫ್ ಮಾಡಿ ಕೊಡಿ. 'ನುಡಿ' ತಂತ್ರಾಂಶದಲ್ಲಿ ಟೈಪಿಸಿದ ವರ್ಡ್ ಫೈಲ್ ಕೊಟ್ಟರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿಮ್ಮ ಅರ್ಜಿ ಯಾವುದೋ ಲೋಕದ ಲಿಪಿಯಲ್ಲಿ ಹೊರಬರುತ್ತದೆ.

ಕೊಳ್ಳುವುದೆಂದು ನಿಶ್ಚಯಿಸಿದರೆ ನನ್ನ ತೀರ್ಮಾನ ನೇರ: ಕಪ್ಪು ಬಿಳುಪಿನ ಲೇಸರ್, ವೈಫೈ ಇರುವಂಥದ್ದು, ಕೈಲಾದರೆ ಮೇಲೆ ಗಾಜಿರುವ ಸ್ಕ್ಯಾನರ್ ಸಮೇತ. ವೈಫೈ ಯಾಕೆಂದರೆ ಈಗ ಮನೆಯ ಕಾಗದಪತ್ರ ಇರುವುದು ಫೋನಿನಲ್ಲಿ. ಐಫೋನ್ ಇದ್ದರೆ ಏರ್‌ಪ್ರಿಂಟ್, ಆಂಡ್ರಾಯ್ಡ್ ಇದ್ದರೆ ಮೊಪ್ರಿಯಾ ಎಂಬ ಮಾತು ಡಬ್ಬದ ಮೇಲಿದೆಯೇ ನೋಡಿ. ಇದ್ದರೆ ಕಂಪನಿಯ ಆ್ಯಪಿನ ಹಂಗಿಲ್ಲದೆ ಪ್ರಿಂಟ್ ಆಗುತ್ತದೆ. ಅಗ್ಗದ ಪ್ರಿಂಟರುಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಹೊಸ ಫೈಬರ್ ರೂಟರಿನ ಐದು ಗಿಗಾಹರ್ಟ್ಸ್ ಅವಕ್ಕೆ ಕಾಣುವುದಿಲ್ಲ. 'ಪ್ರಿಂಟರ್ ಸಿಗುತ್ತಿಲ್ಲ' ಎಂಬ ಗೋಳಿನ ಅರ್ಧಪಾಲು ಇಲ್ಲೇ ಹುಟ್ಟುತ್ತದೆ. ಸ್ಕ್ಯಾನರ್ ಇರುವ ಮಾಡೆಲ್‌ಗಳಲ್ಲಿ ಐಡಿ ಕಾಪಿ ಎಂಬ ಬಟನ್ ಇರುವುದನ್ನು ಆರಿಸಿ. ಕಾರ್ಡಿನ ಮುಂದು ಹಿಂದು ಎರಡನ್ನೂ ಒಂದೇ ಹಾಳೆಯ ಮೇಲೆ ಹಾಕಿಕೊಡುತ್ತದೆ. ನಮ್ಮ ದೇಶದಲ್ಲಿ ಇದಕ್ಕಿಂತ ಹೆಚ್ಚು ಬಳಕೆಗೆ ಬರುವ ಬಟನ್ ಇನ್ನೊಂದಿಲ್ಲ.

ಶಾಲೆಗೆ ಹೋಗುವ ಮಕ್ಕಳಿದ್ದು ಬಣ್ಣವೇ ಬೇಕು ಅನ್ನುವವರು ಹೆಡ್ಡು ಸೇರಿಕೊಂಡ ಕಾರ್ಟ್ರಿಜ್‌ನ ಅಗ್ಗದ ಇಂಕ್‌ಜೆಟ್ ತನ್ನಿ. ವಾರಕ್ಕೊಂದು ದಿನ, ಭಾನುವಾರ ಅಂದುಕೊಳ್ಳಿ, ನಾಲ್ಕೂ ಬಣ್ಣವಿರುವ ಒಂದು ಅರ್ಧ ಪುಟ ಅಚ್ಚು ಹಾಕಿ. ಮಗುವಿನ ಚಿತ್ರವೋ, ವಾರದ ತರಕಾರಿ ಚೀಟಿಯೋ ಆಗಬಹುದು. ಅಷ್ಟೇ ಸಾಕು, ತೂತು ಕಟ್ಟುವುದಿಲ್ಲ. ಇಷ್ಟು ಶಿಸ್ತು ನಮ್ಮ ಮನೆಯಲ್ಲಿ ಮೂರು ವಾರ ನಡೆಯಿತು. ಸಾಮಾಜಿಕ ಜಾಲತಾಣದ ಜಾಹೀರಾತುಗಳಲ್ಲಿ ಬರುವ ಅಂಗೈಯಗಲದ ಥರ್ಮಲ್ ಪ್ರಿಂಟರುಗಳನ್ನು ಕಾಗದಪತ್ರಕ್ಕೆಂದು ಕೊಳ್ಳಬೇಡಿ. ಪೆಟ್ರೋಲ್ ಬಂಕಿನ ರಸೀದಿ ಪರ್ಸಿನಲ್ಲೇ ಮಾಸಿಹೋಗುವುದು ಅದೇ ಜಾತಿಯ ಕಾಗದ.

ಅಟ್ಟದ ಮೇಲಿನ ಕಾರ್ಟ್ರಿಜ್ ಪ್ರಿಂಟರನ್ನು ಮೊನ್ನೆ ಇಳಿಸಿದೆ. ಇಂಕ್ ಪೆನ್ನಿನ ಔಷಧಿಯನ್ನೇ ಪ್ರಯೋಗಿಸಿ ನೋಡೋಣವೆಂದು ಕಾರ್ಟ್ರಿಜ್ ತೆಗೆದು, ಶುದ್ಧೀಕರಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ, ಅದರಲ್ಲಿ ತೋಯಿಸಿದ ಟಿಶ್ಯೂ ಮೇಲೆ ಹೆಡ್ಡಿನ ಬಾಯಿ ಕೆಳಗೆ ಮಾಡಿ ಹತ್ತು ನಿಮಿಷ ಇಟ್ಟೆ. ಕಪ್ಪು ಇಳಿಯಿತು, ಕೆಂಪು ಇಳಿಯಿತು, ನೀಲಿ ಮಾತ್ರ ಇಳಿಯಲಿಲ್ಲ. ಈಗ ಅದು ಕಪ್ಪು ಅಕ್ಷರವನ್ನು ಸರಿಯಾಗಿ ಹಾಕುತ್ತದೆ, ಆಕಾಶವನ್ನು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಟ್ಯಾಂಕಿನದನ್ನು ಇ-ತ್ಯಾಜ್ಯ ಕೊಳ್ಳುವವರಿಗೆ ಕೊಟ್ಟೆ. ಕೊಡುವ ಮೊದಲು ನೋಡಿದರೆ ಬಾಟಲಿಯಿಂದ ತುಂಬಿದ್ದ ಶಾಯಿ ಮುಕ್ಕಾಲು ಪಾಲು ಹಾಗೇ ಇತ್ತು.